ತೊಳೆಸಿದ ಮೇಲೆ ಸೋರತೊಡಗಿದ ಕಾರ್ಬೊರೇಟರ್: ಕಾಕಾ ಅವರ ಸ್ಪ್ಲೆಂಡರ್ ರಿಪೇರಿ

ಪೆಟ್ರೋಲನ್ನು ಗಾಳಿಯ ಜತೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರನ್ನು ತೊಳೆಸುವ ಮೊದಲು ಗಾಡಿ ಸ್ಟಾರ್ಟ್ ಆಗುತ್ತಿರಲಿಲ್ಲ, ಆದರೆ ಸೋರುತ್ತಲೂ ಇರಲಿಲ್ಲ. ತೊಳೆಸಿದ ಮೇಲೆ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ, ಕೆಳಗೆ ಪೆಟ್ರೋಲ್ ತೊಟ್ಟಿಕ್ಕುತ್ತದೆ. ಹಳೆ ಗಾಡಿ ಇಟ್ಟುಕೊಂಡವರಿಗೆ ಇದೇನು ಹೊಸ ಕಥೆಯಲ್ಲ.

ಗಾಡಿ ನಮ್ಮ ಮೇಲಿನ ಮನೆಯ ಕಾಕಾ ಅವರದು. ನಾವಿರುವುದು ಪುಣೆಯ ನಿಗಡಿಯಲ್ಲಿ. ಕಾಕಾ ಸಾಂಗ್ಲಿ ಜಿಲ್ಲೆಯ ಜತ್ ಕಡೆಯವರು, ಮನೆಮಾತು ಕನ್ನಡ. ಮಳೆಗಾಲದಲ್ಲಿ ಊರಿಗೆ ಹೋಗಿ ಹೊಲದ ಕೆಲಸ ನೋಡಿಕೊಂಡು ಬರುತ್ತಾರೆ. ಅಷ್ಟು ದಿನ ಗಾಡಿ ಪಾರ್ಕಿಂಗ್‌ನಲ್ಲೇ ನಿಂತಿರುತ್ತದೆ. ಸ್ಪ್ಲೆಂಡರ್ ಪ್ಲಸ್, ಟ್ಯಾಂಕಿನ ಮೇಲೆ ಇನ್ನೂ ಹೀರೋ ಹೋಂಡಾ ಅಂತಲೇ ಇದೆ. ಅಂದರೆ 2011ರಲ್ಲಿ ಕಂಪನಿಯ ಹೆಸರು ಬದಲಾಗುವುದಕ್ಕೆ ಮುಂಚಿನದು. 97.2 ಸಿಸಿ ಎಂಜಿನ್, ಕೇಬಲ್ ಎಳೆದರೆ ಮೇಲೇಳುವ ಸ್ಲೈಡ್ ಇರುವ ಸಾದಾ ಕಾರ್ಬೊರೇಟರ್.

"ತಮ್ಮಾ, ನೀ ಭೋಸರಿ ಕಂಪನ್ಯಾಗ ದಿನಾ ಅಳತಿ ಹಿಡ್ಯಾಂವ. ಒಮ್ಮೆ ನೋಡು. ಮತ್ತ ಗ್ಯಾರೇಜಿಗಿ ಒಯ್ದೆ, ಅಂವ ಏನೋ ಮಣಿಸಿ ಕೊಟ್ಟ. ಆದ್ರೂ ನಿಲ್ಲವಲ್ದು" ಎಂದರು ಕಾಕಾ.

'ಏನೋ ಮಣಿಸಿ ಕೊಟ್ಟ' ಎಂಬ ಮಾತು ನನ್ನ ಕಿವಿಯಲ್ಲಿ ಉಳಿಯಿತು. ಅದರ ವಿಷಯ ಮುಂದೆ ಬರುತ್ತದೆ.

ಮೊದಲು ಗಾಡಿಯನ್ನು ಕಟ್ಟಡದ ಕೆಳಗಿನ ಪಾರ್ಕಿಂಗ್‌ನಿಂದ ಹೊರಗೆ, ಗೇಟಿನ ಹತ್ತಿರದ ಬಯಲಿಗೆ ತಳ್ಳಿಕೊಂಡು ಹೋದೆವು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಮೇಲೆ ಹೋಗುವುದಿಲ್ಲ, ನೆಲ ಹಿಡಿದು ಮೂಲೆಗಳಲ್ಲಿ ಕೂರುತ್ತದೆ. ನಮ್ಮ ಪಾರ್ಕಿಂಗ್‌ನಲ್ಲಿ ಕರೆಂಟ್ ಮೀಟರ್‌ಗಳೆಲ್ಲ ಸಾಲಾಗಿ ಇವೆ. ಅಲ್ಲಿ ಕೂತು ಈ ಕೆಲಸ ಮಾಡುವ ಮಾತೇ ಇಲ್ಲ. ವಾಚ್‌ಮನ್ ಕೈಯಲ್ಲಿದ್ದ ಬೀಡಿಯನ್ನೂ ದೂರ ಕಳಿಸಿದ್ದಾಯಿತು. ಇನ್ನೊಂದು ಮಾತು. ಸೋರುವ ಪೆಟ್ರೋಲ್ ಹಿಡಿಯಲು ಥರ್ಮಾಕೋಲ್ ಕಪ್ ಇಡಬೇಡಿ, ಪೆಟ್ರೋಲಿಗೆ ಅದು ಕರಗಿ ಹೋಗುತ್ತದೆ. ಸ್ಟೀಲ್ ಡಬ್ಬಿ ಸಾಕು.

ಆಮೇಲೆ ಎಂಜಿನ್ ಆಯಿಲ್ ನೋಡಿದೆ. ಸೋರುವ ಕಾರ್ಬೊರೇಟರ್ ವಿಷಯದಲ್ಲಿ ಜನ ಮರೆಯುವುದೇ ಇದನ್ನು. ಸ್ಪ್ಲೆಂಡರ್‌ನ ಸಿಲಿಂಡರ್ ಹೆಚ್ಚುಕಡಿಮೆ ಮಲಗಿಕೊಂಡಿದೆ, ಕಾರ್ಬೊರೇಟರ್ ಅದರ ಮೇಲೆ ಕೂತಿದೆ. ಉಕ್ಕಿದ ಪೆಟ್ರೋಲ್ ಎಲ್ಲವೂ ಓವರ್‌ಫ್ಲೋ ಪೈಪಿನಿಂದಲೇ ಹೊರಬರುತ್ತದೆ ಎಂದೇನಿಲ್ಲ. ಒಂದಷ್ಟು ಇನ್‌ಟೇಕ್ ದಾರಿ ಹಿಡಿದು ಸಿಲಿಂಡರಿಗೆ ಇಳಿದು, ಪಿಸ್ಟನ್ ಪಕ್ಕದಿಂದ ಜಾರಿ ಆಯಿಲಿಗೆ ಸೇರಬಹುದು. ಆಯಿಲ್ ಕಡ್ಡಿ ತೆಗೆದು ನೋಡಿದರೆ ಮಟ್ಟ ಮೇಲಿನ ಗೆರೆ ದಾಟಿತ್ತು. ಮೂಸಿದರೆ ಪೆಟ್ರೋಲ್ ವಾಸನೆ. ತೆಳುವಾದ ಆ ಆಯಿಲ್‌ನಲ್ಲಿ ಎಂಜಿನ್ ಓಡಿಸಿದರೆ ಬೇರಿಂಗ್, ಕ್ಯಾಮ್ ಎಲ್ಲ ಸವೆಯುತ್ತವೆ. "ಕಾಕಾ, ಇನ್ನು ಕಿಕ್ ಹೊಡೀಬ್ಯಾಡ್ರಿ" ಎಂದು ಹೇಳಿಬಿಟ್ಟೆ. ಆಯಿಲ್ ಬದಲಿಸುವುದು ಕೊನೆಗೆ. ಸೋರಿಕೆ ನಿಲ್ಲುವ ಮುಂಚೆ ಹೊಸ ಆಯಿಲ್ ಹಾಕಿದರೆ ಅದೂ ಹಾಳು.

ಈಗ ಸೋರುವುದು ಎಲ್ಲಿಂದ? ಕಾರ್ಬೊರೇಟರ್ ಕೆಳಗಿನ ಬೌಲ್, ಅಂದರೆ ಪೆಟ್ರೋಲ್ ತುಂಬಿ ನಿಲ್ಲುವ ಬಟ್ಟಲು, ಪೂರ್ತಿ ಒದ್ದೆಯಾಗಿದ್ದರೆ ಏನೂ ಗೊತ್ತಾಗುವುದಿಲ್ಲ. ಟ್ಯಾಂಕಿನ ಕೆಳಗಿನ ನಲ್ಲಿ, ಅಂದರೆ ಪೆಟ್ರೋಲ್ ಕಾಕ್ ಬಂದ್ ಮಾಡಿ, ಬೌಲ್ ಕೆಳಗಿನ ಡ್ರೇನ್ ಸ್ಕ್ರೂ ಬಿಚ್ಚಿ ಖಾಲಿ ಮಾಡಿದೆ. ಸ್ಕ್ರೂ ಮತ್ತೆ ಬಿಗಿದು, ಎಲ್ಲ ಒರೆಸಿ ಒಣಗಿಸಿ, ಕೆಳಗೆ ಹಳೆ ಪೇಪರ್ ಹಾಸಿ ಕಾಕ್ ತೆರೆದೆ. ಪೇಪರ್ ಮೇಲೆ ಮೊದಲ ಹನಿ ಎಲ್ಲಿ ಬೀಳುತ್ತದೆ, ಯಾವಾಗ ಬೀಳುತ್ತದೆ, ಎರಡನ್ನೂ ನೋಡಬೇಕು.

ಯಾವಾಗ ಎಂಬುದು ಯಾಕೆ ಮುಖ್ಯ ಅಂದರೆ, ಈ ತರಹದ ಕಾರ್ಬೊರೇಟರ್‌ನಲ್ಲಿ ಡ್ರೇನ್ ಸ್ಕ್ರೂ ದಾರಿಯೂ ಓವರ್‌ಫ್ಲೋ ದಾರಿಯೂ ಕೆಳಗೆ ಒಂದೇ ಮೂತಿಗೆ ಬಂದು ಸೇರುತ್ತವೆ. ಹೊರಗಿಂದ ನೋಡಿದರೆ ಎರಡೂ ಒಂದೇ ಸೋರಿಕೆ. ಡ್ರೇನ್ ಸ್ಕ್ರೂ ಸರಿಯಾಗಿ ಕೂತಿಲ್ಲದಿದ್ದರೆ ಕಾಕ್ ತೆರೆದ ಕೂಡಲೇ ಹನಿ ಶುರುವಾಗುತ್ತದೆ. ಬೌಲ್ ಒಳಗೆ ನಿಂತಿರುವ ಹಿತ್ತಾಳೆಯ ಓವರ್‌ಫ್ಲೋ ಕೊಳವೆ ಬುಡದಲ್ಲಿ ಸೀಳಿದ್ದರೂ ಅಷ್ಟೇ, ಬೌಲ್ ಅರ್ಧ ತುಂಬುವ ಮೊದಲೇ ಸೋರುತ್ತದೆ. ಬೌಲ್ ತುಂಬಿ ಉಕ್ಕಿದರೆ ಮಾತ್ರ ಸ್ವಲ್ಪ ಹೊತ್ತು ತಡೆದು ಹನಿ ಬರುತ್ತದೆ. ಇನ್ನು ಬೌಲ್ ಮತ್ತು ಮೈ ಸೇರುವ ಗೆರೆಯಲ್ಲಿ ಒದ್ದೆ ಕಂಡರೆ ಅದು ರಬ್ಬರ್ ರಿಂಗ್ ದೋಷ. ಕಾರ್ಬ್ ಕ್ಲೀನರ್ ಸ್ಪ್ರೇ ತಗುಲಿದ ಹಳೆ ರಿಂಗ್ ಉಬ್ಬಿ ಉದ್ದವಾಗುತ್ತದೆ, ತನ್ನ ತೋಡಿನಲ್ಲಿ ಕೂರುವುದಿಲ್ಲ. ಸ್ಕ್ರೂ ಬಿಗಿಯುವಾಗ ಎಲ್ಲೋ ಒಂದು ಕಡೆ ಹೊರಗೆ ಜಾರಿ ಸಿಕ್ಕಿಕೊಳ್ಳುತ್ತದೆ.

ಇಲ್ಲಿ ಗೆರೆ ಒಣಗಿತ್ತು. ಹನಿ ತಡವಾಗಿಯೇ ಬಂತು, ಬಂದ ಮೇಲೆ ನಿಲ್ಲಲಿಲ್ಲ. ಹಾಗಾದರೆ ಬೌಲ್ ಉಕ್ಕುತ್ತಿದೆ.

ಇದರ ಕೆಲಸ ಮನೆಯ ಮೇಲಿನ ನೀರಿನ ಟಾಕಿಯ ಬಾಲ್ ವಾಲ್ವ್ ತರಹದ್ದೇ. ಪೆಟ್ರೋಲ್ ಏರಿದಂತೆ ಫ್ಲೋಟ್ ಮೇಲೇರುತ್ತದೆ. ಫ್ಲೋಟ್ ಮೇಲಿರುವ ಪುಟ್ಟ ತಗಡಿನ ನಾಲಿಗೆ ನೀಡಲನ್ನು ಮೇಲಕ್ಕೆ ಒತ್ತುತ್ತದೆ. ನೀಡಲ್ ತುದಿ ಹಿತ್ತಾಳೆಯ ಸೀಟಿನಲ್ಲಿ ಕೂತು ದಾರಿ ಮುಚ್ಚುತ್ತದೆ. ಉಕ್ಕುತ್ತಿದೆ ಅಂದರೆ ಈ ಸಾಲಿನಲ್ಲಿ ಎಲ್ಲೋ ಒಂದು ಕಡೆ ಕೆಲಸ ತಪ್ಪಿದೆ. (ಸ್ಲೈಡ್‌ನಿಂದ ಇಳಿಬಿದ್ದಿರುವ ಉದ್ದನೆಯ ನೀಡಲ್ ಬೇರೆ, ಅದಕ್ಕೂ ಸೋರಿಕೆಗೂ ಸಂಬಂಧವಿಲ್ಲ.)

ಬಿಚ್ಚುವ ಮುಂಚೆ ಇನ್ನೊಂದು ಪರೀಕ್ಷೆ ಮಾಡಿದೆ. ನನಗೆ ತುಂಬಾ ಇಷ್ಟವಾದದ್ದು ಇದೇ. ಮೀನಿನ ತೊಟ್ಟಿಗೆ ಹಾಕುವ ಪಾರದರ್ಶಕ ಪೈಪ್ ಒಂದು ತುಂಡು ತಗೊಳ್ಳಿ. ಅದನ್ನು ಬೌಲ್ ಕೆಳಗಿನ ಮೂತಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಕಾರ್ಬೊರೇಟರ್ ಪಕ್ಕಕ್ಕೆ ಮೇಲೆತ್ತಿ ಹಿಡಿಯಿರಿ. ಗಾಡಿ ನೆಟ್ಟಗೆ ಮೇನ್ ಸ್ಟ್ಯಾಂಡ್ ಮೇಲೆ ಇರಲಿ. ಕಾಕ್ ತೆರೆದು ಡ್ರೇನ್ ಸ್ಕ್ರೂ ಸಡಿಲ ಮಾಡಿದರೆ ಬೌಲ್ ಒಳಗೆ ಪೆಟ್ರೋಲ್ ಎಷ್ಟಿದೆಯೋ ಪೈಪಿನಲ್ಲೂ ಅಷ್ಟೇ ಎತ್ತರಕ್ಕೆ ನಿಲ್ಲುತ್ತದೆ. ಸರಿಯಿರುವ ಕಾರ್ಬೊರೇಟರ್‌ನಲ್ಲಿ ಮಟ್ಟ ಬೌಲ್ ಸೇರುವ ಗೆರೆಗಿಂತ ಸ್ವಲ್ಪ ಕೆಳಗೆ ಬಂದು ನಿಲ್ಲಬೇಕು.

ಇಲ್ಲಿ ಕಂಡದ್ದು ಬೇರೆ. ಗೆರೆಗಿಂತ ಸಾಕಷ್ಟು ಕೆಳಗೆ ಇರುವಾಗಲೇ ಏರುವ ವೇಗ ತಟ್ಟನೆ ಕಡಿಮೆಯಾಯಿತು. ಆದರೆ ನಿಲ್ಲಲಿಲ್ಲ. ನಿಧಾನವಾಗಿ ಏರುತ್ತಾ ಏರುತ್ತಾ ಗೆರೆ ಮುಟ್ಟಿತು, ದಾಟಿತು.

ಇದರಲ್ಲಿ ಎರಡು ಸುದ್ದಿ ಇವೆ. ನೀಡಲ್ ಬೇಗನೇ ಹೋಗಿ ಸೀಟಿಗೆ ತಾಗುತ್ತಿದೆ, ಅಂದರೆ ಯಾರೋ ನಾಲಿಗೆ ಬಗ್ಗಿಸಿದ್ದಾರೆ, ಕಾಕಾ ಹೇಳಿದ 'ಏನೋ ಮಣಿಸಿ ಕೊಟ್ಟ' ಇದೇ. ತಾಗಿದರೂ ಮುಚ್ಚುತ್ತಿಲ್ಲ, ಅಂದರೆ ರೋಗ ನಾಲಿಗೆಯಲ್ಲಿ ಇರಲೇ ಇಲ್ಲ. ಸೋರುತ್ತದೆ ಅಂದ ಕೂಡಲೇ ಇಕ್ಕಳ ತಗೊಂಡು ಫ್ಲೋಟ್ ನಾಲಿಗೆ ಬಗ್ಗಿಸುವುದು ಬಹಳ ಗ್ಯಾರೇಜುಗಳ ಚಾಳಿ. ನಾಲಿಗೆ ಹೇಳುವುದು ನೀಡಲ್ ಯಾವ ಮಟ್ಟದಲ್ಲಿ ಮುಚ್ಚಬೇಕು ಎಂಬುದನ್ನು ಮಾತ್ರ. ಮುಚ್ಚುವ ಶಕ್ತಿಯೇ ಇಲ್ಲದ ನೀಡಲಿಗೆ ಇದರಿಂದ ಏನೂ ಆಗುವುದಿಲ್ಲ. ಸೋರಿಕೆ ಸ್ವಲ್ಪ ತಡವಾಗುತ್ತದೆ, ಅಷ್ಟೇ. ಜತೆಗೆ ಇನ್ನೊಂದು ತೊಂದರೆ ಹುಟ್ಟುತ್ತದೆ. ಆಕ್ಸಿಲರೇಟರ್ ಜೋರಾಗಿ ತಿರುವಿದಾಗ ಖರ್ಚಾಗುವಷ್ಟು ವೇಗವಾಗಿ ಬೌಲ್ ತುಂಬುವುದಿಲ್ಲ. ಕಾಕಾರನ್ನು ಕೇಳಿದೆ. "ಹೌದಪಾ, ನಾಕನೇ ಗೇರಿನ್ಯಾಗ ಏರಿ ಬಂತಂದ್ರ ದಮ್ ಹಿಡೀತದ. ನಾ ಪ್ಲಗ್ಗಿಂದು ಅನ್ಕೊಂಡಿದ್ದೆ" ಎಂದರು.

ಕಾರ್ಬೊರೇಟರ್ ಇಳಿಸುವುದು ಹೆಚ್ಚು ಹೊತ್ತಿನ ಕೆಲಸವಲ್ಲ. ಏರ್ ಫಿಲ್ಟರ್ ಕಡೆಯ ಕ್ಲಾಂಪ್ ಸಡಿಲ ಮಾಡಿ, 10ರ ಪಾನಾದಿಂದ ಮುಂದಿನ ಎರಡು ನಟ್ ಬಿಚ್ಚಿ, ಮೇಲಿನ ಮುಚ್ಚಳ ತಿರುವಿ ಸ್ಲೈಡ್ ಹೊರಗೆಳೆದರೆ ಮುಗಿಯಿತು. ಸ್ಲೈಡನ್ನು ಕೇಬಲ್ಲಿಗೇ ಬಿಟ್ಟು, ಧೂಳು ಬೀಳದಂತೆ ಪ್ಲಾಸ್ಟಿಕ್ ಚೀಲ ಸುತ್ತಿಟ್ಟೆ. ಬೌಲ್ ಸ್ಕ್ರೂಗಳ ತಲೆ ಮಾತ್ರ ಅರ್ಧ ತಿಂದುಹೋಗಿತ್ತು. ಇವು ಜಪಾನಿ ಅಳತೆಯ ತಲೆಗಳು, ನೋಡೋಕೆ ಮಾಮೂಲಿ ಪ್ಲಸ್ ತರಹವೇ ಕಾಣುತ್ತವೆ. ಸಾಧಾರಣ ಸ್ಕ್ರೂಡ್ರೈವರ್ ಇಟ್ಟು ಬಲ ಹಾಕಿದರೆ ಜಾರಿ ಮೇಲೇಳುತ್ತದೆ, ತಲೆ ಸವೆಯುತ್ತದೆ. ಸರಿಯಾದ ಬಿಟ್ ಇಟ್ಟು, ಹಿಡಿಗೆ ಸಣ್ಣಗೆ ಒಂದು ಏಟು ಕೊಟ್ಟು ಆಮೇಲೆ ತಿರುಗಿಸಬೇಕು.

ಬೌಲ್ ಒಳಗೆ ಕನ್ನಡಿಯಷ್ಟು ಚೊಕ್ಕಟ. ತೊಳೆದವನ ಶ್ರದ್ಧೆಯನ್ನು ಮೆಚ್ಚಲೇಬೇಕು. ಫ್ಲೋಟ್ ನಾಲಿಗೆಯ ಮೇಲೆ ಇಕ್ಕಳದ ಹೊಸ ಗುರುತು ಹೊಳೆಯುತ್ತಿತ್ತು.

ಫ್ಲೋಟ್ ತೆಗೆದು ಕಿವಿಯ ಹತ್ತಿರ ಅಲುಗಾಡಿಸಿದೆ, ಒಳಗೆ ಪೆಟ್ರೋಲ್ ಶಬ್ದವಿಲ್ಲ. ಬಕೆಟಿನ ಬಿಸಿನೀರಲ್ಲಿ ಮುಳುಗಿಸಿ ಹಿಡಿದೆ. ತೂತಿದ್ದರೆ ಒಳಗಿನ ಗಾಳಿ ಹಿಗ್ಗಿ ಗುಳ್ಳೆ ಬರುತ್ತದೆ. ಬರಲಿಲ್ಲ. ಕಂಪ್ರೆಸರ್ ಗಾಳಿಯನ್ನು ಬೌಲ್ ಹಾಕಿದ್ದಾಗಲೇ ಜೋರಾಗಿ ಬಿಟ್ಟರೆ ಫ್ಲೋಟ್ ಚಪ್ಪಟೆಯಾಗುವುದುಂಟು, ಇದು ಆ ಏಟಿಗೂ ಬಚಾವಾಗಿತ್ತು.

ಉಳಿದದ್ದು ನೀಡಲ್. ಅದರ ತುದಿಗೆ ರಬ್ಬರ್ ಲೇಪ ಇರುತ್ತದೆ, ಹಿಂದೆ ಸ್ಪ್ರಿಂಗ್ ಮೇಲೆ ಕೂತ ಸಣ್ಣ ಕಡ್ಡಿ. ಕಡ್ಡಿ ಒತ್ತಿದರೆ ಪುಟಿಯುತ್ತಿತ್ತು, ಅದು ಸರಿ. ತುದಿಯನ್ನು ಕಂಪನಿಯಿಂದ ತಂದ ಭೂತಗನ್ನಡಿಯಲ್ಲಿ ನೋಡಿದರೆ ಸುತ್ತಲೂ ಒಂದು ಬಳೆಯ ಗುರುತು. ಬಳೆ ಸಮವಾಗಿಲ್ಲ. ಒಂದು ಕಡೆ ಆಳ, ಇನ್ನೊಂದು ಕಡೆ ತೆಳು.

ತೊಳೆಯುವ ಮೊದಲು ಯಾಕೆ ಸೋರುತ್ತಿರಲಿಲ್ಲ ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಇಷ್ಟು ವರ್ಷ ಆ ನೀಡಲ್ ಮತ್ತು ಆ ಸೀಟು ಒಂದಕ್ಕೊಂದು ಹೊಂದಿಕೊಂಡು ಸವೆದಿದ್ದವು. ಸವೆದ ಸಂದಿಯಲ್ಲಿ ಒಣಗಿದ ಪೆಟ್ರೋಲಿನ ಅಂಟು ತುಂಬಿಕೊಂಡು ಮುದ್ರೆ ಹಾಕಿತ್ತು. ತೊಳೆದಾಗ ಅಂಟು ಹೋಯಿತು. ನೀಡಲ್ ಮತ್ತೆ ಹಾಕುವಾಗ ಸ್ವಲ್ಪ ತಿರುಗಿ ಕೂತಿತು, ಹಳೆ ಬಳೆ ಹಳೆ ಜಾಗಕ್ಕೆ ಬರಲಿಲ್ಲ. ತೊಳೆದದ್ದು ತಪ್ಪಲ್ಲ. ಆದರೆ ಇಷ್ಟು ಹಳೆಯ ಕಾರ್ಬೊರೇಟರ್ ಬಿಚ್ಚಿದ ಮೇಲೆ ನೀಡಲ್ ಮತ್ತು ಬೌಲ್ ರಿಂಗ್ ಹೊಸದು ಹಾಕದೆ ಮುಚ್ಚುವುದು ಅರ್ಧ ಕೆಲಸ.

ಸಾಮಾನಿಗೆ ನಾನಾ ಪೇಠಕ್ಕೇ ಹೋಗುವುದು ನನ್ನ ರೂಢಿ. ಪಿಂಪ್ರಿಯಲ್ಲಿ ಮೆಟ್ರೋ ಹತ್ತಿ ಕಸಬಾ ಪೇಠದಲ್ಲಿ ಇಳಿದು ನಡೆದರಾಯಿತು. ಟೂ ವೀಲರ್ ಬಿಡಿಭಾಗಗಳ ಅಂಗಡಿ ಸಾಲು ಸಾಲಾಗಿ ಇವೆ. ಕಾರ್ಬೊರೇಟರ್ ರಿಪೇರಿ ಕಿಟ್ ಎಂದು ಕೇಳಿದರೆ ನೀಡಲ್, ರಿಂಗ್, ಜೆಟ್ (ಪೆಟ್ರೋಲನ್ನು ಅಳತೆಯಾಗಿ ಬಿಡುವ ಸಣ್ಣ ತೂತಿನ ಹಿತ್ತಾಳೆ ತುಂಡು) ಎಲ್ಲ ಒಂದೇ ಪೊಟ್ಟಣದಲ್ಲಿ ಕೊಡುತ್ತಾರೆ. ನಾನು ಹಳೆ ನೀಡಲ್ ಜೇಬಿನಲ್ಲಿ ಒಯ್ದು, ಅಂಗಡಿಯ ಗಲ್ಲೆಯ ಮೇಲೇ ಎರಡನ್ನೂ ಪಕ್ಕಪಕ್ಕ ಇಟ್ಟು ವರ್ನಿಯರ್‌ನಲ್ಲಿ ಉದ್ದ ನೋಡಿದೆ. ಉದ್ದ ಬೇರೆಯಾದರೆ ಪೆಟ್ರೋಲ್ ಮಟ್ಟವೂ ಬೇರೆಯಾಗುತ್ತದೆ. ಕಿಟ್‌ನ ಜೆಟ್‌ಗಳನ್ನು ನಾನು ಹಾಕುವುದಿಲ್ಲ. ಗಾಡಿಯ ಜತೆ ಬಂದ ಜೆಟ್‌ನ ತೂತು ಸರಿಯಿದ್ದರೆ ಅದನ್ನು ಬದಲಿಸುವ ಅಗತ್ಯವೇ ಇಲ್ಲ. ತಂತಿ ಹಾಕಿ ಜೆಟ್ ಕೆರೆಯುವವರಿಗೆ ಮಾತ್ರ ಕೈಮುಗಿಯುತ್ತೇನೆ. ಹಿತ್ತಾಳೆ ಮೆತ್ತಗಿನ ಲೋಹ, ತೂತು ದೊಡ್ಡದಾಗಿಬಿಡುತ್ತದೆ.

ಹೊಸ ನೀಡಲ್ ಹಾಕಿ ಊದಿ ನೋಡಿದೆ. ಕಾರ್ಬೊರೇಟರ್ ತಲೆಕೆಳಗಾಗಿ ಹಿಡಿದರೆ ಫ್ಲೋಟ್ ತನ್ನ ಭಾರಕ್ಕೇ ನೀಡಲನ್ನು ಮುಚ್ಚುತ್ತದೆ. ಪೆಟ್ರೋಲ್ ಬರುವ ಮೂತಿಗೆ ಒಂದು ಶುಭ್ರವಾದ ಪೈಪ್ ಹಾಕಿ ಮೆಲ್ಲಗೆ ಊದಿದರೆ ಗಾಳಿ ಹೋಗಬಾರದು. ಫ್ಲೋಟ್ ಎತ್ತಿ ಊದಿದರೆ ಹೋಗಬೇಕು. ಹಳೆ ನೀಡಲ್‌ನಲ್ಲಿ ಸ್‌ಸ್ ಎಂದು ಸಲೀಸಾಗಿ ಹೋಗುತ್ತಿತ್ತು. ಹೊಸದರಲ್ಲೂ ಸಣ್ಣದಾಗಿ ಹೋಗುತ್ತಿದೆ.

ಹಾಗಿದ್ದರೆ ಸೀಟಿನಲ್ಲೂ ಏನೋ ಇದೆ. ಕೆಲವು ಕಾರ್ಬೊರೇಟರ್‌ಗಳಲ್ಲಿ ಸೀಟು ಸ್ಕ್ರೂ ತರಹ ಬಿಚ್ಚಿಬರುತ್ತದೆ, ಅದರ ಕೆಳಗಿನ ವಾಷರ್ ಹಾಳಾದರೂ ಇದೇ ತರಹ ಸೋರುತ್ತದೆ. ಇದರಲ್ಲಿ ಸೀಟನ್ನು ಮೈಯೊಳಗೇ ಒತ್ತಿ ಕೂರಿಸಿದ್ದಾರೆ, ಬಿಚ್ಚಲು ಬರುವುದಿಲ್ಲ. ಇಯರ್‌ಬಡ್ ತುದಿಗೆ ಹಿತ್ತಾಳೆ ಉಜ್ಜುವ ಪಾಲಿಶ್ ಬ್ರಾಸೋ ಹಚ್ಚಿ, ಒಳಗಿಟ್ಟು ಬೆರಳಲ್ಲೇ ತಿರುಗಿಸಿದೆ. ಹತ್ತಿ ಕಪ್ಪಾಗಿ ಬಂತು. ಇನ್ನೊಂದು ಹಾಕಿದೆ. ಕಪ್ಪು ಬರುವುದು ನಿಂತ ಮೇಲೆ ಪೆಟ್ರೋಲಿನಿಂದ ತೊಳೆದು, ಗಾಳಿ ಬಿಟ್ಟು, ಹತ್ತಿಯ ಎಳೆ ಉಳಿದಿಲ್ಲವೆಂದು ಟಾರ್ಚ್ ಹಾಕಿ ನೋಡಿದೆ. ಇಲ್ಲಿ ಮರಳು ಕಾಗದ, ಡ್ರಿಲ್ ಬಿಟ್ ಏನನ್ನೂ ತೋರಿಸಬೇಡಿ. ಸೀಟಿಗೆ ಗೀರು ಬಿದ್ದರೆ ಆಮೇಲೆ ಹೊಸ ಕಾರ್ಬೊರೇಟರೇ ಗತಿ. ಮತ್ತೆ ಊದಿದೆ. ಗಾಳಿ ಒಂಚೂರೂ ಹೋಗಲಿಲ್ಲ.

ಆಮೇಲೆ ನಾಲಿಗೆ. ಫ್ಲೋಟಿನ ಎತ್ತರ ಅಳೆಯುವಾಗ ಕಾರ್ಬೊರೇಟರನ್ನು ಪೂರ್ತಿ ತಲೆಕೆಳಗೆ ಮಾಡಬಾರದು. ಹಾಗೆ ಮಾಡಿದರೆ ಫ್ಲೋಟಿನ ಭಾರಕ್ಕೆ ನೀಡಲ್ ಹಿಂದಿನ ಸ್ಪ್ರಿಂಗ್ ಅದುಮಿಕೊಂಡು ಅಳತೆ ತಪ್ಪುತ್ತದೆ. ಓರೆಯಾಗಿ ಹಿಡಿದು, ನಾಲಿಗೆ ಕಡ್ಡಿಗೆ ಬರೀ ತಾಗುವ ಜಾಗದಲ್ಲಿ, ರಿಂಗ್ ಕೂರುವ ಮುಖದಿಂದ ಫ್ಲೋಟಿನ ತುದಿಯವರೆಗೆ ಅಳೆಯಬೇಕು. ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಇರುವ ಅಂಕಿಯನ್ನೇ ನಂಬಿ, ಬೇರೆ ಗಾಡಿಯದು ಬೇಡ. ನಾಲಿಗೆಯನ್ನು ಕೂದಲೆಳೆಯಷ್ಟೇ ಹಿಂದಕ್ಕೆ ತಂದು, ಮತ್ತೆ ಅಳೆದು, ಹೀಗೇ ಸರಿ ಮಾಡಿದೆ. ಕೊನೆಯ ತೀರ್ಪು ಪಾರದರ್ಶಕ ಪೈಪಿನದು. ಜೋಡಿಸಿ ಪೆಟ್ರೋಲ್ ಬಿಟ್ಟಾಗ ಮಟ್ಟ ಗೆರೆಗಿಂತ ಸ್ವಲ್ಪ ಕೆಳಗೆ ಬಂದು ನಿಂತಿತು. ಚಹಾ ಕುಡಿದು ಬಂದು ನೋಡಿದರೂ ಅಲ್ಲೇ ಇತ್ತು.

ಎಂಜಿನ್ ಆಯಿಲ್ ಇಳಿಸಿ ಹೊಸ 10ಡಬ್ಲ್ಯೂ30 ಹಾಕಿದೆ. ಕಾಕಾ ಗಾಡಿ ತಗೊಂಡು ಹೋದರು. ಸಂಜೆ ಫೋನ್. "ತಮ್ಮಾ, ಮತ್ತ ಹನಿ ಬಿತ್ತಲ್ಲೋ."

ಕೆಳಗೆ ಹೋಗಿ ಸ್ಕ್ರೂಡ್ರೈವರ್ ಹಿಡಿಯಿಂದ ಬೌಲ್ ಪಕ್ಕಕ್ಕೆ ಟಕಟಕ ಎಂದು ಬಡಿದೆ. ಹನಿ ನಿಂತಿತು. ಬಡಿದರೆ ನಿಲ್ಲುವ ಸೋರಿಕೆ ಅಂದರೆ ಸೀಟಿನಲ್ಲಿ ಕಸ ಸಿಕ್ಕಿದೆ ಎಂದೇ ಲೆಕ್ಕ. ಕಾರ್ಬೊರೇಟರ್ ಚೊಕ್ಕಟವಾಗಿತ್ತು, ಹಾಗಾದರೆ ಕಸ ಮೇಲಿಂದ ಬರುತ್ತಿದೆ.

ಟ್ಯಾಂಕಿನ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ ಬಯಲಿನಲ್ಲಿ ಇಟ್ಟೆವು. ಸ್ವಲ್ಪ ಹೊತ್ತಿಗೆ ತಳದಲ್ಲಿ ಬೇರೆಯೇ ಒಂದು ಪದರ ನಿಂತಿತು, ಅದರಲ್ಲಿ ತುಕ್ಕಿನ ಕೆಂಪು ಪುಡಿ. ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಅರ್ಧ ಖಾಲಿ ಟ್ಯಾಂಕ್ ಪುಣೆಯ ಮಳೆಗಾಲ ಪೂರ್ತಿ ನಿಂತರೆ ಒಳಗಿನ ತೇವ ಪೆಟ್ರೋಲಿಗೆ ಸೇರುತ್ತದೆ. ನೀರು ಒಂದು ಮಿತಿ ದಾಟಿದ ಮೇಲೆ ಎಥನಾಲ್ ನೀರಿನ ಜತೆ ಬೇರ್ಪಟ್ಟು ಕೆಳಗೆ ಕೂರುತ್ತದೆ. ಕಾಕ್ ಎಳೆದುಕೊಳ್ಳುವುದು ಆ ತಳದ ಹತ್ತಿರದಿಂದಲೇ ಅಲ್ವಾ? ತುಕ್ಕು ಹತ್ತುವುದೂ ಅಲ್ಲೇ. ಮೊದಲ ಸಲ ಗಾಡಿ ಸ್ಟಾರ್ಟ್ ಆಗದಿದ್ದಕ್ಕೂ ಇದೇ ಕಾರಣ ಇದ್ದಿರಬೇಕು.

ಕಾಕ್ ಬಿಚ್ಚಿದರೆ ಟ್ಯಾಂಕ್ ಒಳಗೆ ನಿಲ್ಲುವ ಜಾಲರಿ ಒಂದು ಪಕ್ಕ ಹರಿದಿತ್ತು. ಕಾಕ್ ಬಂದ್ ಮಾಡಿದ್ದರೂ ಪೇಪರ್ ಮೇಲೆ ನಿಧಾನಕ್ಕೆ ಹನಿ ಬೀಳುತ್ತಿದ್ದದ್ದು ಆಗಲೇ ಕಂಡಿತ್ತು. ಅದಕ್ಕೇ ಇಡೀ ಕಾಕ್ ಹೊಸದು ಹಾಕಿದೆ. ಟ್ಯಾಂಕಿಗೆ ಒಂದಷ್ಟು ಪೆಟ್ರೋಲ್ ಮತ್ತು ಒಂದು ಗೇಣು ಸಣ್ಣ ಸರಪಳಿ ಹಾಕಿ, ನಾನೊಂದು ಕಡೆ ಕಾಕಾ ಒಂದು ಕಡೆ ಹಿಡಿದು ಕುಲುಕಿ, ಸುರಿದು, ಶುಭ್ರವಾಗಿ ಬರುವ ತನಕ ತೊಳೆದೆವು. ಆಸಿಡ್ ಹಾಕಿ ಎನ್ನುವವರೂ ಇದ್ದಾರೆ. ಆಸಿಡ್ ತುಕ್ಕು ತೆಗೆಯುತ್ತದೆ ನಿಜ, ಆದರೆ ಬೆತ್ತಲಾದ ತಗಡನ್ನು ಕೂಡಲೇ ಒಣಗಿಸಿ ಎಣ್ಣೆ ಸವರದಿದ್ದರೆ ಹೊಸ ತುಕ್ಕು ಅದೇ ದಿನ ಶುರು. ಇಷ್ಟು ಕಡಿಮೆ ತುಕ್ಕಿಗೆ ಆ ಉಸಾಬರಿ ಬೇಡ. ಗಲೀಜು ಪೆಟ್ರೋಲನ್ನು ಗಟಾರಕ್ಕೆ ಸುರಿಯಲಿಲ್ಲ, ಡಬ್ಬಿಯಲ್ಲಿ ಮುಚ್ಚಿಟ್ಟು ಗ್ಯಾರೇಜಿಗೆ ಕೊಟ್ಟೆವು, ಚೈನ್ ತೊಳೆಯಲು ಬರುತ್ತದೆ.

ಪೈಪಿನ ಮಧ್ಯೆ ಒಂದು ಫಿಲ್ಟರ್ ಸಿಕ್ಕಿಸು ಅಂದರು ಕಾಕಾ. ಈ ಗಾಡಿಯಲ್ಲಿ ಪಂಪ್ ಇಲ್ಲ, ಪೆಟ್ರೋಲ್ ಬರೀ ಇಳಿಜಾರಿನಲ್ಲಿ ಬರುತ್ತದೆ. ಜಾಗವೂ ಕಡಿಮೆ. ಫಿಲ್ಟರ್ ಹಾಕಿ ಪೈಪ್ ಎಲ್ಲಾದರೂ ಮೇಲಕ್ಕೆ ಬಾಗಿದರೆ ಗಾಳಿ ಸಿಕ್ಕಿ ಹರಿವು ಕುಗ್ಗುತ್ತದೆ. ಹೊಸ ಜಾಲರಿ ಇದ್ದಾಗ ಬೇಡವೆಂದೆ.

ಬೌಲ್ ಇನ್ನೊಮ್ಮೆ ಬಿಚ್ಚಿ ನೋಡಿದೆ. ನೀಡಲ್ ಮೇಲೆ ಕೆಂಪು ಹರಳೊಂದು ಅಂಟಿತ್ತು. ಒರೆಸಿ, ಸೀಟಿಗೆ ಗಾಳಿ ಬಿಟ್ಟು, ತಲೆ ತಿಂದುಹೋದ ಸ್ಕ್ರೂಗಳ ಜಾಗದಲ್ಲಿ ಹೊಸವು ಹಾಕಿ ಮುಚ್ಚಿದೆ. ಸೈಡ್ ಸ್ಟ್ಯಾಂಡ್ ಮೇಲೆ, ಕಾಕ್ ತೆರೆದೇ ಇಟ್ಟು ಪೇಪರ್ ಹಾಸಿ ಕಾದೆವು. ವಾಲಿ ನಿಂತಾಗ ಫ್ಲೋಟೂ ವಾಲುತ್ತದೆ, ಮಟ್ಟ ಚೂರು ಜಾಸ್ತಿಯಿದ್ದರೂ ಅಲ್ಲಿ ಗೊತ್ತಾಗುತ್ತದೆ. ಪೇಪರ್ ಒಣಗಿಯೇ ಇತ್ತು. ಮರುದಿನ ಹಳೆ ಮುಂಬೈ ರಸ್ತೆಯಲ್ಲಿ ದೇಹೂ ರೋಡ್ ದಾಟಿ ತಳೇಗಾಂವ್ ತನಕ ಓಡಿಸಿದೆ. ನಾಲ್ಕನೇ ಗೇರಿನಲ್ಲಿ ದಮ್ ಹಿಡಿಯುವುದು ಹೋಗಿತ್ತು. ಎಂಜಿನ್ ಬಿಸಿಯಿರುವಾಗಲೇ ಏರ್ ಸ್ಕ್ರೂ ತಿರುಗಿಸಿ ಐಡಲ್ ಸರಿ ಮಾಡಿದೆ. ಆಯಿಲ್ ಕಡ್ಡಿಯಲ್ಲಿ ಮಟ್ಟ ಏರಿರಲಿಲ್ಲ.

"ಮುಂದಿನ ಸಲ ಊರಿಗೆ ಹೊಂಡೂ ಮುಂದ ಟ್ಯಾಂಕ್ ತುಂಬಿಸ್ರಿ ಕಾಕಾ. ಕಾಕ್ ಬಂದ್ ಮಾಡಿ, ಎಂಜಿನ್ ತಾನ ಆರೂತನಕ ಓಡಿಸಿ ಬಿಡ್ರಿ, ಬೌಲ್ ಖಾಲಿ ಆಗ್ತದ" ಎಂದೆ.

"ಟ್ಯಾಂಕ್ ತುಂಬಿಸಿಟ್ಟು ಹೋದ್ರ ಪೆಟ್ರೋಲ್ ಇರ್ತದೇನೋ ಇಲ್ಲಿ?" ಎಂದರು ಕಾಕಾ. ಅದೂ ಸರಿಯೇ. ಟ್ಯಾಂಕಿಗೆ ಬೀಗವಿರುವ ಹೊಸ ಮುಚ್ಚಳ ಬೇಕು, ಹಳೆಯದು ಯಾವ ಕೀ ಹಾಕಿದರೂ ತೆರೆಯುತ್ತದೆ.